ಗೋಡೆಗೆ ನೇತುಹಾಕಿದ ಕಣಿವೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನೀರು ಬಂತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ನಮ್ಮ ಗುಂಪಿನ ಮಹಾನುಭಾವರೊಬ್ಬರು ಅದರ ವಿಡಿಯೊ ಮಾಡುತ್ತಿದ್ದರು. ನನ್ನ ಮಗಳು ಮಲಗಿದ್ದ ಡೇರೆಯ ಕಡೆಗೆ ಕಂದು ನೀರು ಹರಿದು ಬರುವುದು ಅದರಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಹಿಂದಿನಿಂದ ಅವರ ಉತ್ಸಾಹದ ದನಿಯೂ ಕೇಳುತ್ತದೆ: "ಏ ನೋಡ್ರಿಲ್ಲೆ, ಮರುಭೂಮ್ಯಾಗ ಹಳ್ಳ ಬಂತು!" ಫೋನು ಕಿಸೆಗೆ ಹಾಕಿಕೊಂಡು ಓಡಬೇಕೆಂದು ಅವರಿಗೆ ಹೊಳೆದದ್ದು ತಮ್ಮ ಚಪ್ಪಲಿ ತೇಲಿದ ಮೇಲೆ.

ಕುವೈತಿನಲ್ಲಿ ಕಣಿವೆ ಎಲ್ಲಿಂದ ಬಂತು ಎಂದು ಇಲ್ಲಿ ಬಹಳ ವರ್ಷ ಇದ್ದವರೂ ಕೇಳುತ್ತಾರೆ. ಸಾಲ್ಮಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಇದೆ. ಗುಡ್ಡವಿಲ್ಲ, ಬಂಡೆಯಿಲ್ಲ. ಎರಡೂ ಕಡೆ ನೆಲ ನಿಧಾನವಾಗಿ ಏರಿರುತ್ತದೆ, ಅಷ್ಟೇ. ಗಾಡಿಯಲ್ಲಿ ಕೂತವನಿಗೆ ತಾನು ಕೆಳಗಿಳಿದೆನೆಂಬುದೇ ತಿಳಿಯುವುದಿಲ್ಲ. ಗಾಳಿ ಕಡಿಮೆಯಾಯಿತು ಅನ್ನಿಸುತ್ತದೆ, ನವೆಂಬರಿನ ಮಳೆ ಬಿದ್ದ ವರ್ಷವಾದರೆ ಕಾಲ ಕೆಳಗೆ ತೆಳ್ಳನೆಯ ಹಸಿರು ಕಾಣುತ್ತದೆ. ಆ ಹಸಿರೇ ನಮ್ಮವರನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದ್ದು.

ನಮ್ಮವರು ಎಂದರೆ ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆಯಿಂದ ಬಂದ ಒಂದಷ್ಟು ಕುಟುಂಬಗಳು. ಅಹ್ಮದಿಯ ತೈಲದ ಕೆಲಸದವರು, ಸಬ್ಹಾನಿನ ಕಾರ್ಖಾನೆಗಳ ಟೆಕ್ನಿಶಿಯನ್ನರು. ಎಳ್ಳಮವಾಸ್ಯೆಗೆ ಊರಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬಸುರಿಯಾದ ಭೂಮಿತಾಯಿಗೆ ಬಯಕೆಯೂಟ ಎಂದು ಸಜ್ಜೆ ಕಡಬು, ಭರ್ತ, ಪುಂಡಿಪಲ್ಯವನ್ನು ಕಲಸಿ ಬೆಳೆಯ ಮೇಲೆ ಎರಚಿ, "ಹುಲ್ಲುಲಿಗ್ಯೋ" ಎಂದು ಕೂಗುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಕುವೈತಿನಲ್ಲಿ ಹೊಲವಿಲ್ಲ. ಆದರೆ ಚರಗಕ್ಕೆ ಹಸಿರು ಬೇಕು. ಆದ್ದರಿಂದ ಪ್ರತಿವರ್ಷ ಹಬ್ಬದ ಹತ್ತಿರದ ಶುಕ್ರವಾರ ಇವರು ಮರುಭೂಮಿಯಲ್ಲಿ ಹಸಿರು ಹುಡುಕಿಕೊಂಡು ಹೊರಡುತ್ತಾರೆ, ಎಲ್ಲಿ ಅತಿ ಹೆಚ್ಚು ಹಸಿರಿದೆಯೋ ಅದರ ನಟ್ಟನಡುವೆ ಡೇರೆ ಹೊಡೆಯುತ್ತಾರೆ. ಇಷ್ಟೊಂದು ಮರಳಿನ ನಡುವೆ ಈ ಒಂದು ಪಟ್ಟಿಯೇ ಏಕೆ ಹಸಿರಾಗಿದೆ ಎಂದು ಅಷ್ಟು ಜನ ಎಂಜಿನಿಯರುಗಳಲ್ಲಿ ಒಬ್ಬರೂ ಕೇಳಲಿಲ್ಲ.

ಅಂದು ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮೋಡವಿತ್ತು. ಎಲ್ಲೋ ದೂರದ ಪಶ್ಚಿಮದಲ್ಲಿ ಮಳೆಯಾಗಿತ್ತು. ಊಟ ಮುಗಿದಿತ್ತು, ಮಕ್ಕಳು ಒಂದು ದೊಡ್ಡ ಡೇರೆಯಲ್ಲಿ ಮಲಗಿದ್ದರು, ಗಂಡಸರು ಮಡಿಚುವ ಕುರ್ಚಿಗಳಲ್ಲಿ ಕಾಲು ಚಾಚಿ ಇಸ್ಪೀಟು ಹಾಕಿದ್ದರು. ಮೊದಲು ಬಂದದ್ದು ಸದ್ದು, ರೇಷ್ಮೆ ಸೀರೆಯನ್ನು ಒರಟು ನೆಲದ ಮೇಲೆ ಎಳೆದ ಹಾಗೆ. ಆಮೇಲೆ ನೀರಿನ ಮುಂಚೂಣಿ. ಅದರ ತುದಿಯಲ್ಲಿ ಆಡಿನ ಹಿಕ್ಕೆ, ಒಣಹುಲ್ಲು, ಪ್ಲಾಸ್ಟಿಕ್ ಬಾಟಲಿಗಳು ನೊರೆಯೊಂದಿಗೆ ಉರುಳಿ ಬರುತ್ತಿದ್ದವು. ಪಾದ ಮುಳುಗಿತು ಅಂದುಕೊಳ್ಳುವಷ್ಟರಲ್ಲಿ ಮೊಣಕಾಲಿಗೆ ಬಂದಿತ್ತು.

ಈಗಿನ ಡೇರೆಗಳಿಗೆ ನೆಲದ ಹಾಸನ್ನೂ ಸೇರಿಸಿ ಹೊಲಿದಿರುತ್ತಾರೆ. ಹಾವು ಚೇಳು ಒಳಗೆ ಬರಬಾರದೆಂದು. ನೀರು ಅದರ ಅಡಿಗೆ ಹೋಯಿತು, ಗೂಟಗಳು ಕಿತ್ತುಬಂದವು, ಡೇರೆ ಮಕ್ಕಳನ್ನು ತುಂಬಿಕೊಂಡ ಚೀಲದಂತೆ ಎದ್ದು ಸರಿಯತೊಡಗಿತು. ಜಿಪ್ಪು ಕಚ್ಚಿಕೊಂಡಿತ್ತು. ನಾನು ಹಗ್ಗ ಹಿಡಿದು ಕೂತೆ. ನಿಂತಿದ್ದರೆ ನನ್ನನ್ನೂ ಎಳೆದೊಯ್ಯುತ್ತಿತ್ತು. ಬಟ್ಟೆಯ ಒಳಗಿನಿಂದ ಪುಟ್ಟ ಕೈಗಳು ಗುದ್ದುವುದು ಹೊರಗೆ ಉಬ್ಬುಬ್ಬಾಗಿ ಕಾಣುತ್ತಿತ್ತು. ನನ್ನ ಗಂಡ ಬದನೆಕಾಯಿ ಹೆಚ್ಚಿದ ಚಾಕು ತಂದು ಬಟ್ಟೆ ಸೀಳಿದರು. ಒಂದೊಂದೇ ಮಗುವನ್ನು ಎಳೆದರು. ನಮ್ಮ ಮಗಳು ಕೊನೆಯವಳು. ಅವಳ ಜಾಕೆಟ್ಟು ಒಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಅವಳು ಹೊರಬಂದಳು, ಹಗ್ಗ ನನ್ನ ಕೈಯಿಂದ ಜಾರಿತು, ಡೇರೆ ಹೋಯಿತು. ಅದು ಹೋದ ವೇಗವನ್ನು ನಾನು ಇವತ್ತಿಗೂ ನೋಡುತ್ತಿರುತ್ತೇನೆ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ. ಅವಳಿನ್ನೂ ಒಳಗಿದ್ದಾಳೆ ಎಂಬಂತೆ ನೋಡುತ್ತೇನೆ.

ಈ ಹೊತ್ತಿನಲ್ಲಿ ನಮ್ಮ ಗುಂಪಿನ ಹಿರಿಯರು ಏನು ಮಾಡುತ್ತಿದ್ದರು ಎಂದು ಹೇಳಲೇಬೇಕು. ಅವರು ಅಹ್ಮದಿಯಲ್ಲಿ ಕಂಪನಿಯ ದೊಡ್ಡ ಮನೆಯಲ್ಲಿರುವ ಎಂಜಿನಿಯರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತೇವೆ. ಜಾಗ ಆರಿಸಿದವರು ಅವರೇ. ಸೊಂಟದವರೆಗೆ ನೀರಿನಲ್ಲಿ ನಿಂತು ಅವರು ಕೂಗುತ್ತಿದ್ದ ಮಾತು: "ಜನರೇಟರ್! ಮೊದಲ ಜನರೇಟರ್ ಎತ್ರಿ!"

ಯಾರೂ ಸಾಯಲಿಲ್ಲ. ಹೀಗಾಗಿ ಏನೂ ಆಗಲಿಲ್ಲ ಎಂಬುದು ಎಲ್ಲರ ತೀರ್ಮಾನವಾಯಿತು. ವಾರದೊಳಗೆ ಅದು ವಾಟ್ಸಾಪಿನ ನಗೆಚಾಟಿಕೆಯಾಗಿತ್ತು. 'ಎಳ್ಳಮವಾಸ್ಯೆ ಸ್ವಿಮ್ಮಿಂಗ್ ಪೂಲ್' ಎಂದು ಯಾರೋ ಹೆಸರಿಟ್ಟರು, ಸಾಹೇಬರು ಹೆಬ್ಬೆರಳು ಎತ್ತಿದರು. ನನ್ನ ಗಂಡ ಕೂಡ, "ಎಲ್ಲಾರೂ ಪಾರಾದ್ವಲ್ಲ? ಖಲಾಸ್. ಮತ್ ಮತ್ ತೆಗೀಬ್ಯಾಡ," ಎಂದರು. ಖಲಾಸ್ ಎಂದವರು ರಾತ್ರಿ ಪಕ್ಕದಲ್ಲಿ ಉಸಿರು ಬಿಗಿಹಿಡಿದು, ನಿದ್ದೆ ಬಂದವರಂತೆ ಬಿದ್ದುಕೊಂಡಿರುತ್ತಿದ್ದರು. ಮಗಳು ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಜಿಪ್ಪಿರುವ ಯಾವ ಬಟ್ಟೆಯನ್ನೂ ಹಾಕಿಕೊಳ್ಳಲಿಲ್ಲ. ಚಳಿಗಾಲವನ್ನೆಲ್ಲ ಅಪ್ಪನ ಗುಂಡಿ ಸ್ವೆಟರಿನಲ್ಲಿ ಕಳೆದಳು. ದಿನವೂ ಯಾವುದೋ ಹೊತ್ತಿನಲ್ಲಿ ಎದ್ದು, "ಮಮ್ಮಿ, ಈಸ್ ಇಟ್ ವಾಟರ್?" ಎಂದು ಕೇಳುತ್ತಿದ್ದಳು. ಅಲ್ಲ ಕಂದಾ ಎಂದು ನಾನು ಹೇಳಬೇಕು, ಆಮೇಲೆ ಬೆಳಗಾಗುವವರೆಗೆ ನಾನೇ ಕಿವಿಗೊಟ್ಟು ಕೂರಬೇಕು. ಹೀಗೇ ಬೇಸಿಗೆ ಬಂತು, ಹೋಯಿತು.

ಮರುವರ್ಷ ಚಳಿ ಶುರುವಾದ ಕೂಡಲೇ ಗುಂಪಿನಲ್ಲಿ ಸಾಹೇಬರ ದನಿಸಂದೇಶ ಬಂತು. "ಈ ಸಲನೂ ಚರಗ ಅದೇ ಜಾಗದಾಗ. ಅಂಥಾ ಹಸಿರು ಬ್ಯಾರೆ ಎಲ್ಲೂ ಸಿಗಂಗಿಲ್ಲ. ಮಕ್ಕಳಿಗೆ ಹೊಸಾ ಡೇರೆ ತರ್ಸೀನಿ."

ಮಗಳು ಕೇಳಿಸಿಕೊಂಡು, "ಐ ಆ್ಯಮ್ ನಾಟ್ ಗೋಯಿಂಗ್," ಎಂದು ಕೋಣೆಗೆ ಹೋದಳು. ಬಾಗಿಲು ತೆರೆದೇ ಇಟ್ಟಳು.

"ಹೆದರಿಕಿ ಹೋಗಬೇಕಂದ್ರ ಹೆದರಿದ ಜಾಗಕ್ಕೇ ಹೋಗಬೇಕು," ಎಂದರು ಗಂಡ. ಯಾವುದೋ ಮೂರು ನಿಮಿಷದ ವಿಡಿಯೊದಲ್ಲಿ ಕಲಿತ ಮನೋವಿಜ್ಞಾನ.

"ಹೋಗೂಣು. ಆದ್ರ ಆ ತಗ್ಗಿನಾಗ ನನ್ನ ಮಗಳು ಮಲಗಂಗಿಲ್ಲ. ಅಕಿ ಒಬ್ಬಾಕೀನೇ ಅಲ್ಲ, ಯಾವ ಕೂಸೂ ಮಲಗಬಾರದು," ಎಂದೆ.

"ಅದನ್ನ ಸಾಹೇಬ್ರ ಮುಂದ ಹೇಳು," ಎಂದರು. ನಾನು ಹೇಳುವುದಿಲ್ಲವೆಂಬ ಭರವಸೆ ಅವರಿಗಿತ್ತು.

ಅಡುಗೆ ಹಂಚಿಕೊಳ್ಳುವ ಮಾತುಕತೆಗೆ ಎಲ್ಲರೂ ಸಾಹೇಬರ ಮನೆಯಲ್ಲಿ ಸೇರಿದೆವು. ಅಹ್ಮದಿಯ ಆ ಮನೆಗಳ ಮುಂದೆ ಹುಲ್ಲುಹಾಸು, ಬೇಲಿಗಿಡ, ಮರದ ನೆರಳು. ಒಳಗೆ ಸೋಫಾದ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಒಂದು ಹಳೆಯ ನಕ್ಷೆ ತೂಗುತ್ತಿತ್ತು. ಬೇಸಿಗೆಯಲ್ಲಿ ಕೊಂಡದ್ದಂತೆ.

"ಜುಮ್ಮಾ ಬಾಜಾರದಾಗ ಹಳೇ ಸಾಮಾನಿನ ನಡುವ ಮೂಲಿಗೆ ಬಿದ್ದಿತ್ರೀ," ಎಂದು ಸಾಹೇಬರು ಬಂದವರಿಗೆಲ್ಲ ತೋರಿಸುತ್ತಿದ್ದರು. "ಕಟ್ಟು ಹಾಕ್ಸಿದೆ. ಗ್ವಾಡಿಗೆ ಒಂದ್ ಕಳೆ ಬಂತು, ಹೌದಲ್ಲೋ?"

ನಾನು ಧಾರವಾಡದಲ್ಲಿ ಭೂಗೋಳ ಓದಿದವಳು. ಮದುವೆಗೆ ಮುಂಚೆ ಕಾಲೇಜಿನಲ್ಲಿ ಮಕ್ಕಳಿಗೆ ಸ್ಥಳಾಕೃತಿ ನಕ್ಷೆ ಓದುವುದನ್ನು ಕಲಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲಿರುವ ಹೆಂಡತಿ, ಹೋಳಿಗೆ ಚೆನ್ನಾಗಿ ಮಾಡುವವಳು. ಚಹಾದ ಕಪ್ಪು ಹಿಡಿದು ನಕ್ಷೆಯ ಹತ್ತಿರ ಹೋದೆ. ಒಂದೇ ಎತ್ತರದ ನೆಲವನ್ನು ಸೇರಿಸುವ ಕಂದು ಬಣ್ಣದ ಸಮೋನ್ನತ ರೇಖೆಗಳು, ನೀಲಿ ಚುಕ್ಕೆಗಳು, ಇಂಗ್ಲಿಷಿನ ಇರುವೆಯಂಥ ಅಕ್ಷರಗಳು. ರಸ್ತೆಗಳೇ ಇಲ್ಲದ ಕಾಲದ್ದು. ಎರಡು ಸ್ಥಳದ ಹೆಸರು ಓದಿದ ಮೇಲೆ ಗುರುತು ಸಿಕ್ಕಿತು. ಅದು ನಮ್ಮ ಕಣಿವೆ.

"ಸಾಹೇಬ್ರ, ಇದನ್ನ ಓದೀರೇನು?" ಎಂದು ಕೇಳಿದೆ.

"ಓದೂದೇನ್ರೀ ಅದನ್ನ? ಮ್ಯಾಪ್ ಅದು. ನೋಡೂದು."

ಗೋಡೆಯಿಂದ ಇಳಿಸಿಕೊಡಿ ಎಂದೆ. ಅವರಿಗೆ ಇಷ್ಟವಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಸೋಫಾದ ಮೇಲೆ ಹತ್ತಿ ತಾವೇ ಇಳಿಸಿ, ಮೇಜಿನ ಮೇಲಿನ ಮಿರ್ಚಿ ಭಜ್ಜಿಯ ತಟ್ಟೆ ಸರಿಸಿ ಇಟ್ಟರು.

ಕಣಿವೆಯಲ್ಲಿ ಏನೂ ಇಲ್ಲ, ಬರೀ ಮರಳು ಎಂದು ನಮ್ಮವರು ಹೇಳುತ್ತಿರುತ್ತಾರೆ. ತಾವು ಬರುವವರೆಗೆ ಅದು ಖಾಲಿ ಬಿದ್ದಿತ್ತು ಎಂಬ ಹಾಗೆ. ಆ ಹಾಳೆಯ ಮೇಲೆ ಒಂದು ಊರಿನಷ್ಟು ಬದುಕಿತ್ತು. ದಡದ ಮೇಲೆ ಬಾವಿಗಳು. ಒಂದೊಂದರ ಪಕ್ಕ ಸಿಹಿ ನೀರು, ಸವುಳು ನೀರು ಎಂದು ಬರೆದಿತ್ತು. ಬಾವಿಯಿಂದ ದೂರದಲ್ಲಿ, ಇನ್ನೂ ಎತ್ತರದಲ್ಲಿ, ಕುರಿಗಾಹಿಗಳು ಬೇಸಿಗೆಯಲ್ಲಿ ಡೇರೆ ಹಾಕುವ ಜಾಗ. ನೀರಿನ ಹತ್ತಿರವೇ ಬೀಡುಬಿಟ್ಟರೆ ಒಂಟೆ, ಕುರಿ, ಬೇರೆ ಪಂಗಡದವರು ಎಲ್ಲರೂ ಮೈಮೇಲೆ ಬರುತ್ತಾರಲ್ಲ, ಅದಕ್ಕೆ. ಹೆಂಗಸರು ನೀರಿಗೆ ದಿನಕ್ಕೆ ಎಷ್ಟು ಸಲ ಆ ಇಳಿಜಾರು ಹತ್ತಿ ಇಳಿದಿರಬೇಕೆಂಬುದು ಡೇರೆಯಿಂದ ಬಾವಿಗೆ ಬಳುಕಿ ಹೋಗಿದ್ದ ಚುಕ್ಕೆಗೆರೆಯಲ್ಲಿ ಕಾಣುತ್ತಿತ್ತು. ಕಲ್ಲಿನ ದೊಡ್ಡಿ ಒಂದು. ನಮಾಜಿಗೆಂದು ಜೋಡಿಸಿದ ಕಲ್ಲುಗಳ ಸಾಲು ಒಂದು. ಗೋರಿಗಳು, ಎಲ್ಲಕ್ಕಿಂತ ಮೇಲೆ. ಕಾಲುದಾರಿಗಳು ಕಣಿವೆಯ ತಳವನ್ನು ಅಡ್ಡ ದಾಟುತ್ತಿದ್ದವು, ಅತ್ಯಂತ ಕಿರಿದಾದ ಕಡೆ. ಉದ್ದಕ್ಕೆ ತಳದಲ್ಲೇ ಸಾಗುವ ಒಂದು ದಾರಿಯೂ ಇರಲಿಲ್ಲ. ತಳದ ಮೇಲೆ ಇದ್ದದ್ದು ನೀಲಿ ಚುಕ್ಕೆಗಳು, ಮತ್ತು 'ಮಳೆ ಬಂದ ಮೇಲೆ ಮೇವು, ನೀರು ನುಗ್ಗುವ ನೆಲ' ಎಂಬ ಒಂದು ಸಾಲು.

ನಾನು ಒಂದು ಕಂದು ರೇಖೆಯ ಮೇಲೆ ಬೆರಳಾಡಿಸಿದೆ. ಅದರ ಮೇಲ್ಗಡೆ ಮನುಷ್ಯರ ಗುರುತೆಲ್ಲ ಇತ್ತು. ಕೆಳಗಡೆ, ಆ ಅಡ್ಡದಾರಿಗಳನ್ನು ಬಿಟ್ಟರೆ, ಒಂದೂ ಇಲ್ಲ. ಬಾವಿಯಿಲ್ಲ, ಗೋರಿಯಿಲ್ಲ, ಒಲೆಯ ಕಲ್ಲಿಲ್ಲ. ಮೇವು ಸಿಕ್ಕಾಗ ಕುರಿ ಇಳಿಸಿ, ಮೇಯಿಸಿ, ಮೇಲೆ ಹತ್ತಿಸಿಕೊಂಡು ಹೋಗುತ್ತಿದ್ದರು.

"ನಾವು ಎಲ್ಲಿದ್ವಿ?" ಎಂದು ನನ್ನ ಗಂಡ ಕೇಳಿದರು. ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದವರು.

ತೋರಿಸಿದೆ. ನೀಲಿ ಚುಕ್ಕೆಗಳ ನಡುವೆ. ಅವರು ಆ ಚುಕ್ಕೆಗಳ ಮೇಲೆ ಕೈ ಇಟ್ಟರು. ಬೇಗ ತೆಗೆದು ಕಿಸೆಗೆ ಹಾಕಿಕೊಂಡರು. ಒಂದು ವರ್ಷದಲ್ಲಿ ಮೊದಲ ಸಲ ನಾನು ಅವರ ಹೆದರಿಕೆಯನ್ನು ಹಗಲಲ್ಲಿ ನೋಡಿದೆ.

"ಹಳೇದ್ರೀ ಅದು," ಎಂದು ಸಾಹೇಬರು ನಕ್ಕರು. "ಈಗ ಫೋನಿನಾಗ ಕಲ್ಲು ಕಲ್ಲೂ ಕಾಣ್ತದ. ಸ್ಯಾಟಲೈಟ್!"

"ಕಲ್ಲು ಕಾಣ್ತದ, ನೀರು ಬರೂದು ಕಾಣಂಗಿಲ್ಲ ನಿಮ್ಮ ಫೋನಿಗೆ," ಎಂದರು ವೈನಿ.

"ನೀ ಸುಮ್ನಿರ. ಇಂಥಾ ನೀರು ಹತ್ತು ಹದಿನೈದು ವರ್ಷಕ್ಕೊಮ್ಮೆ ಬರ್ತದ. ಹೋದ ವರ್ಷ ಬಂತಂದ್ರ ಈ ವರ್ಷ ಬರಂಗಿಲ್ಲ. ಪ್ರಾಬಬಿಲಿಟಿ ನೋಡ್ರಿ ಮೊದಲ."

ತೈಲದ ಕಂಪನಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಸಂಭವನೀಯತೆಯನ್ನು ಸರದಿಯೆಂದು ತಿಳಿದಿದ್ದ. ಎಲ್ಲರೂ ತಲೆಯಾಡಿಸಿದರು. ಎಲ್ಲರೂ ಡಿಗ್ರಿಯವರೇ.

"ಮತ್ತ ಇನ್ನೊಂದು," ಎಂದು ಸಾಹೇಬರು ಮುಂದುವರಿಸಿದರು. "ಮ್ಯಾಲ ಬರೇ ಹರಳು, ಕಲ್ಲು. ಚರಗ ಯಾರಿಗೆ ಚೆಲ್ಲೂದು? ಕಲ್ಲಿಗೆ ಕಡಬು ತಿನ್ನಸ್ತೀರೇನು?"

ಇದಕ್ಕೆ ಎಲ್ಲರೂ ನಕ್ಕರು. ನಿಜವಾದ ಗಂಟು ಇದೇ ಎಂದು ನನಗೆ ಆಗ ತಿಳಿಯಿತು. ಇವರಿಗೆ ಹಸಿರನ್ನು ನೋಡಿ ಬಂದರೆ ಸಾಲದು, ಅದರ ಮೇಲೆ ಹಾಸಿಕೊಂಡು ಮಲಗಬೇಕು.

"ಊರಾಗ ಜ್ವಾಳದ ನಡುವ ಹಾಸಿಗಿ ಹಾಸ್ತಿದ್ರೇನ್ರೀ?" ಎಂದು ಕೇಳಿದೆ. "ಬದುವಿನ ಮ್ಯಾಲಿನ ಗಿಡದ ಬುಡಕ್ಕ ಗಾಡಿ ಬಿಟ್ಟು, ಅಲ್ಲೇ ಉಂಡು, ಹೊಲದಾಗ ಇಳದು ಚರಗ ಚೆಲ್ಲಿ ತಿರುಗಿ ಬರ್ತಿದ್ರಿ. ನಿಮ್ಮಪ್ಪಾರು ಬೆಳಿ ತುಳದು ಡೇರೆ ಹೊಡದಿದ್ರ ನಿಮ್ಮಜ್ಜ ಬಾರಕೋಲ ತೊಗೊಂಡು ಬರ್ತಿದ್ದಿಲ್ಲೇನು?"

ನಗು ನಿಂತಿತು. ಸಾಹೇಬರ ಮುಖ ಕೆಂಪಗಾಯಿತು. "ನಮ್ಮ ಡೇರೆ ಅಲ್ಲೇ. ಬರೂವ್ರು ಬರ್ರಿ," ಎಂದು ಎದ್ದುಹೋಗಿ ಹೊರಗಿನ ಹುಲ್ಲಿಗೆ ನೀರು ಬಿಡತೊಡಗಿದರು.

ತಿರುಗಿ ಮನೆ ಹತ್ತಿರ ಬಂದಾಗ ನನ್ನ ಗಂಡ, "ನಮ್ದು ಮ್ಯಾಲ," ಎಂದರು.

ಆ ಶುಕ್ರವಾರ ಆಕಾಶ ತೊಳೆದಿಟ್ಟಂತಿತ್ತು. ನಕ್ಷೆಯ ಫೋಟೊ ನೋಡುತ್ತ ನಾವು ದಡದ ಮೇಲೆ, ಹಳೆಯ ಬೀಡಿನ ಜಾಗವೆಂದು ಅಂದಾಜಾದ ಕಡೆ, ಡೇರೆ ಹೊಡೆದೆವು. ನಾಲ್ಕೈದು ಮನೆಯವರು ನಮ್ಮ ಜೊತೆ ಬಂದರು, ಒಪ್ಪಿಗೆಯಿಂದಲ್ಲ, ಅವರ ಹೆಂಡಂದಿರು ಬಂದರೆಂದು. ಉಳಿದವರು ಕೆಳಗಿಳಿದರು. ಮೇಲೆ ಗಾಳಿ ಕಿವಿ ಕಿತ್ತುಹೋಗುವಂತೆ ಬೀಸುತ್ತಿತ್ತು. ಶೇಂಗಾ ಹೋಳಿಗೆಯಲ್ಲಿ ಮರಳು. "ಭೂಗೋಳದ ಮೇಡಮ್ಮಾರ ಕೃಪಾ," ಎಂದು ಒಬ್ಬರು ಕಡಿದು ಉಗುಳಿದರು. ಆದರೆ ಅಲ್ಲಿ ನಿಂತ ಮೇಲೆ ನನಗೆ ಆ ಜಾಗದ ಗುಟ್ಟು ತಿಳಿಯಿತು. ಅಲ್ಲಿಂದ ಪಶ್ಚಿಮದ ಆಕಾಶ ನೆಲ ಮುಟ್ಟುವವರೆಗೆ ಪೂರ್ತಿ ಕಾಣುತ್ತಿತ್ತು. ಕಣಿವೆಯ ತಳವೂ ಅಷ್ಟುದ್ದಕ್ಕೂ. ನೀರು ಬರುವುದಿದ್ದರೆ ಕುರಿಗಾಹಿಗೆ ಒಂದು ಕಪ್ಪು ಚಹಾ ಕುಡಿದು, ಕುರಿಗಳನ್ನು ಕರೆದುಕೊಳ್ಳುವಷ್ಟು ಸಮಯ ಸಿಗುತ್ತಿತ್ತು. ಕೆಳಗೆ ಕುರ್ಚಿ ಹಾಕಿಕೊಂಡು ಕೂತವರ ಪಾಲಿಗೆ ಇದ್ದದ್ದು ತಲೆಯ ಮೇಲಿನ ತುಂಡು ಆಕಾಶ.

ನನ್ನ ಕಣ್ಣು ಅವರ ಹೊಸ ಡೇರೆಯ ಮೇಲೇ ಇತ್ತು. ನೀಲಿ ಬಣ್ಣದ್ದು, ಹೋದ ಸಲದ್ದಕ್ಕಿಂತ ದೊಡ್ಡದು, ನೆಲ ಸೇರಿಸಿ ಹೊಲಿದದ್ದು. ಮಕ್ಕಳು ಅದರೊಳಗೆ ಹೋಗುವುದು ಬರುವುದು ಮಾಡುತ್ತಿದ್ದರು.

ಆಗ ಕೆಳಗಿನಿಂದ ಒಂದು ಮೆರವಣಿಗೆ ಹತ್ತಿ ಬರುವುದು ಕಂಡಿತು. ಮುಂದೆ ವೈನಿ, ಕಂಕುಳಲ್ಲಿ ಭರ್ತದ ಪಾತ್ರೆ. ಹಿಂದೆ ಹೆಂಗಸರು, ಅವರ ಹಿಂದೆ ಚೆಂಡು ಒದೆಯುತ್ತ ಎಲ್ಲ ಮಕ್ಕಳು. ಮೇಲೆ ಬಂದು ಉಸಿರು ಬಿಡುತ್ತ ವೈನಿ ಹೇಳಿದರು: "ಗಂಡಸರಿಗೆ ಪ್ರಾಬಬಿಲಿಟಿ ಅದ, ಅವರು ಅಲ್ಲೇ ಇರ್ಲಿ. ಕುರ್ಚಿ ಯಾರರೇ ಕಾಯಬೇಕಲ್ಲ?"

ನಾನು ಅವರ ಕೈಯಿಂದ ಪಾತ್ರೆ ಇಳಿಸಿಕೊಂಡೆ. ಮಕ್ಕಳನ್ನು ಎಣಿಸಿದೆ, ಮತ್ತೆ ಎಣಿಸಿದೆ.

ಚರಗ ಚೆಲ್ಲಲು ಕೆಳಗಿಳಿಯಬೇಕಿತ್ತು. ಮಗಳು ಅಂಚಿನಲ್ಲಿ ನಿಂತುಬಿಟ್ಟಳು. ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದಳು. ಪಶ್ಚಿಮದ ಕಡೆ ಬೆರಳು ಮಾಡಿ ನಾನು ಆಕಾಶ ತೋರಿಸಿದೆ. "ಅಲ್ಲಿ ಕಪ್ಪು ಕಂಡ್ರ ನೀರು ಬರ್ತದ. ಕಾಣ್ತದೇನು?"

ಅವಳು ಬಹಳ ಹೊತ್ತು ನೋಡಿದಳು. "ನೋ. ಇಟ್ಸ್ ಆಲ್ ಬ್ಲೂ."

"ನಾ ಇಲ್ಲೇ ನಿಂತು ನೋಡ್ತಿರ್ತೀನಿ. ಕೂಗಿದ್ರ ಓಡಿ ಬಾ."

ಅಪ್ಪನ ಕೈ ಹಿಡಿದು ಇಳಿದಳು. ಹಸಿರಿನ ಮೇಲೆ ಕಾಲಿಡುವ ಮುಂಚೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ನಾನು ಆಕಾಶ ಬಿಟ್ಟು ಬೇರೆ ಏನನ್ನೂ ನೋಡದೆ ನಿಂತಿದ್ದೆ. ಅವಳ ಕೂಗು ಕೇಳಿತು, ಇಂಗ್ಲಿಷ್ ಶಾಲೆಯ ಉಚ್ಚಾರದ "ಹುಲ್ಲುಲಿಗ್ಯೋ". ಮಕ್ಕಳೆಲ್ಲ ನಕ್ಕರು. ಅವಳು ಓಡಿ ಬರಲಿಲ್ಲ. ನಡೆದೇ ಬಂದಳು, ಅಪ್ಪನ ಜೊತೆ ಏನೋ ವಾದಿಸುತ್ತ.

ನೀರು ಬರಲಿಲ್ಲ. ಒಂದು ಹನಿಯೂ ಇಲ್ಲ. ಹೊರಡುವ ಹೊತ್ತಿಗೆ ಸಾಹೇಬರು ಕೆಳಗಿನಿಂದ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಎಲ್ರೀ ಮೇಡಮ್ಮಾರ, ಎಲ್ಲಿ ನೀರು?"

"ಬರಲಿಲ್ಲ ಬಿಡ್ರಿ, ಚಲೋ ಆತು," ಎಂದು ನಾನೂ ಕೂಗಿದೆ. ಅವರು ಇದನ್ನು ತಮ್ಮ ಗೆಲುವೆಂದು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಅವರ ನೀಲಿ ಡೇರೆಯಲ್ಲಿ ಆ ಮಧ್ಯಾಹ್ನ ಮಲಗಿದ್ದದ್ದು ಅವರೊಬ್ಬರೇ.

ಮನೆಗೆ ಬಂದು ಸ್ನಾನ ಮಾಡಿ, ಉಳಿದ ಕಡಬು ತಿಂದು ಮಲಗಿದೆವು. ಯಾರು ಯಾವಾಗ ನಿದ್ದೆಹೋದರೋ ತಿಳಿಯದು. ಕಣ್ಣು ಬಿಟ್ಟಾಗ ಪರದೆಯ ಮೇಲೆ ಬಿಸಿಲಿತ್ತು. ನನ್ನ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗಳ ಕೋಣೆಯಿಂದ ಸದ್ದಿರಲಿಲ್ಲ. ಹೋಗಿ ನೋಡಿದೆ. ಹೊದಿಕೆ ಒದ್ದು, ಅಡ್ಡಡ್ಡ ಮಲಗಿದ್ದಳು. ಶನಿವಾರ, ಶಾಲೆಯಿಲ್ಲ. ಎಬ್ಬಿಸಲಿಲ್ಲ.